ಕಾಶಿಯಲ್ಲಿ ಬಿಟ್ಟ ಬಣ್ಣ

ನಮ್ಮ ಮನೆಯಲ್ಲಿ ಅವ್ವನ ಮನಸ್ಸು ಹೇಗಿದೆ ಅಂತ ಕೇಳಬೇಕಾಗಿರಲಿಲ್ಲ. ಯಾವ ಸೀರೆ ಉಟ್ಟಿದ್ದಾಳೆ ಅಂತ ನೋಡಿದರೆ ಸಾಕಿತ್ತು. ರಾಣಿ ಬಣ್ಣದ್ದು ಉಟ್ಟಿದ್ದರೆ ಅವತ್ತು ನಮ್ಮ ಪಾಲಿಗೆ ಹಬ್ಬ. ರಾಣಿ ಅಂದರೆ ಗೊತ್ತಲ್ಲ, ಗುಲಾಬಿಗಿಂತ ಗಾಢ, ಕೆಂಪಿಗಿಂತ ತುಂಟ, ಸೀರೆ ಅಂಗಡಿಯವನು ಝಾಡಿಸಿ ಬಿಚ್ಚಿದರೆ ಪಕ್ಕದಲ್ಲಿ ಬೇರೆ ಸೀರೆ ನೋಡುತ್ತಿದ್ದವರೂ ತಿರುಗಿ ನೋಡುವ ಬಣ್ಣ. ಅದನ್ನು ಉಟ್ಟ ದಿನ ಅವ್ವನ ಹೊಲಿಗೆ ಮಷೀನು ಬೆಳಿಗ್ಗೆ ಒಂಬತ್ತಕ್ಕೇ ಟರ್ರ್ ಅನ್ನುತ್ತಿತ್ತು. ಹಾಡು ಅರ್ಧ ಗೊತ್ತಿದ್ದರೆ ಅರ್ಧ, ಗೊತ್ತಿಲ್ಲದ ಕಡೆ ಬರೀ ಲಾಲಾ ಹಾಕಿ ಹಾಡುತ್ತಿದ್ದಳು. ಮಧ್ಯಾಹ್ನ ಜೋಳದ ರೊಟ್ಟಿ ಜೊತೆಗೆ ಝುಣಕ, ಕೇಳದೆಯೇ ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ನಾನು ಗಣಿತದಲ್ಲಿ ಎಡವಿ ಬಂದರೂ ಅವತ್ತು ಬೈಗುಳ ಬೀಳುತ್ತಿರಲಿಲ್ಲ, ಹಾಗಾಗಿ ಕಡಿಮೆ ಮಾರ್ಕಿನ ಪೇಪರುಗಳನ್ನು ನಾನು ಕಂಪಾಸ್ ಬಾಕ್ಸಿನ ಕೆಳಗೆ ಬಚ್ಚಿಟ್ಟುಕೊಂಡು, ಅವ್ವ ರಾಣಿ ಉಡುವ ದಿನ ನೋಡಿ ಸಹಿಗೆ ಕೊಡುತ್ತಿದ್ದೆ. ಅಷ್ಟು ಲಬಾಡಿ ನಾನು.

ಮೊನ್ನೆ ಪುಣೆಯ ವಿಮಾನ ನಗರದ ನಮ್ಮ ಆಫೀಸಿಗೆ ಒಬ್ಬಾಕೆ ಬಂದು, ಯಾವ ಬಣ್ಣ ತೊಟ್ಟರೆ ಮನಸ್ಸಿಗೆ ಏನಾಗುತ್ತದೆ ಅಂತ ಪರದೆಯ ಮೇಲೆ ಚಿತ್ರ ತೋರಿಸಿ ಒಂದು ತಾಸು ಮಾತಾಡಿದಳು. ನೀಲಿ ತೊಟ್ಟರೆ ಶಾಂತಿ, ಹಳದಿ ತೊಟ್ಟರೆ ಉಲ್ಲಾಸ, ಬೂದಿ ಬಣ್ಣ ಹೆಚ್ಚು ತೊಡಬೇಡಿ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಅಕ್ಕಾ, ನೀ ಹೇಳುವುದು ಖರೇ, ಆದರೆ ಅರ್ಧ ಮಾತ್ರ, ಉಳಿದರ್ಧ ನಮ್ಮ ಅಜ್ಜಿ ಹೇಳಬೇಕಿತ್ತು ಅಂತ ಎದ್ದು ನಿಂತು ಕೂಗಬೇಕೆನಿಸಿತು. ಕೂಗಲಿಲ್ಲ. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ನಮ್ಮದು ಪುಣೆಯ ಕ್ಯಾಂಪ್ ಪ್ರದೇಶದ ಒಂದು ಓಣಿಯಲ್ಲಿ ಹಳೇ ಬಿಲ್ಡಿಂಗು, ಎರಡನೇ ಮಾಳಿಗೆ. ಎರಡು ಖೋಲಿ, ಒಂದು ಅಡಿಗೆಮನೆ, ಒಬ್ಬರು ನಿಂತರೆ ಇನ್ನೊಬ್ಬರು ಒಳಗೆ ಸರಿಯಬೇಕಾದ ಬಾಲ್ಕನಿ. ಅಪ್ಪ ಧಾರವಾಡದವರು, ಕ್ಯಾಂಪಿನಲ್ಲೇ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಅವ್ವ ಮನೆಯಲ್ಲೇ ಜಂಪರು ಹೊಲಿಯುತ್ತಿದ್ದಳು. ಪುಣೆಯವರು ಬ್ಲೌಸು ಅನ್ನುವುದನ್ನು ನಾವು ಜಂಪರು ಅನ್ನುತ್ತಿದ್ದೆವು, ಇವತ್ತಿಗೂ ನನ್ನ ಬಾಯಿಂದ ಮೊದಲು ಬರುವುದು ಅದೇ. ಮುಂದಿನ ಖೋಲಿಯಲ್ಲಿ ಬಾಲ್ಕನಿಯ ಬೆಳಕು ಬೀಳುವ ಕಡೆ ಮಷೀನು, ಅದರ ಎದುರು ಚಾಪೆ ಹಾಸಿಕೊಂಡು ಕಾಯಿಪಲ್ಲೆ ಸೋಸುತ್ತಾ ಅಜ್ಜಿ, ಅಪ್ಪನ ತಾಯಿ. ಅಜ್ಜನನ್ನು ನಾನು ಕಂಡಿಲ್ಲ, ಅಪ್ಪನಿಗೇ ನೆನಪಿಲ್ಲ. ಅಜ್ಜಿಯ ಸೀರೆಗಳೆಲ್ಲ ತೊಳೆದ ಅಕ್ಕಿ ನೀರಿನ ಬಣ್ಣದವು. ಮಷೀನಿನ ಸುತ್ತ ನೆಲದ ಮೇಲೆ ಮಾತ್ರ ಜಗತ್ತಿನ ಎಲ್ಲ ಬಣ್ಣದ ಚಿಂದಿ ಬಿದ್ದಿರುತ್ತಿತ್ತು. ಅವನ್ನು ಆರಿಸಿ ಆರಿಸಿ ಡಬ್ಬಿ ತುಂಬಿಕೊಳ್ಳುವುದೇ ನನ್ನ ಆಟ. ಅಪ್ಪ ಮಾತ್ರ ಬಣ್ಣದ ವಿಷಯಕ್ಕೆ ನಗುತ್ತಿದ್ದರು, ಮೈ ಮುಚ್ಚಿದರೆ ಆಯಿತು ಅನ್ನುವ ಗಿರಾಕಿ. ಹಾಗಂತ ಅವರೇ ಒಂದು ಸಂಜೆ ಊಟಕ್ಕೆ ಕೂತಾಗ ಹೇಳಿದ್ದು ಕೇಳಿ.

“ಒಬ್ಬಾಕಿ ಮುದುಕಿ ಬಂದಿದ್ಳು. ಮೊದಲ ಗುಲಾಬಿ ಗುಳಗಿ ಕೊಡತಿದ್ರಿ, ಈಗ ಬಿಳೀವು ಕೊಟ್ಟೀರಿ, ಇವು ನಾಟೂದಿಲ್ಲ ಅಂತ ವಾಪಸ್ ತಂದಾಳ. ಔಷಧ ಒಂದ ಅದ, ಕಂಪನಿಯವರು ಮ್ಯಾಲಿನ ಬಣ್ಣ ಬದಲ ಮಾಡ್ಯಾರ ಅಷ್ಟ. ಏನ ಹೇಳಿದ್ರೂ ಕೇಳವಲ್ಲಳು.”

“ಆಕೀದು ಖರೇನ ಅದ,” ಅಂದಳು ಅಜ್ಜಿ, ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಾ. “ನಿನಗ ಗುಳಗಿ ಗೊತ್ತು, ಮನಷ್ಯಾರು ಗೊತ್ತಿಲ್ಲ.”

ನನಗೆ ಎಂಟು ವರ್ಷವಾಗಿದ್ದಾಗ ಟೈಫಾಯ್ಡ್ ಬಂತು. ಇಳಿಯಿತು ಅನ್ನುವುದರೊಳಗೆ ಮತ್ತೆ ಏರುವ ಕೆಟ್ಟ ಜ್ವರ. ಅಪ್ಪ ಗುಳಿಗೆ ತಂದು ನುಂಗಿಸಿದರು, ಅಜ್ಜಿ ಹುಡುಗಿ ಎದ್ದರೆ ಎಲ್ಲರೂ ಕಾಶಿಗೆ ಬರುತ್ತೇವೆ ಅಂತ ಹರಕೆ ಹೊತ್ತಳು, ಅವ್ವ ತಣ್ಣೀರ ಪಟ್ಟಿ ಹಾಕುತ್ತಾ ಕೂತಳು. ನಾನು ಎದ್ದೆ. ಎದ್ದದ್ದು ಗುಳಿಗೆಯಿಂದಲೋ ವಿಶ್ವನಾಥನಿಂದಲೋ ಅಂತ ತಾಯಿ ಮಗ ತಿಂಗಳುಗಟ್ಟಲೆ ಜಗಳ ಆಡಿದರು. ಜಗಳ ತೀರದೆಯೇ ಎಲ್ಲರೂ ಕಾಶಿಯ ರೈಲು ಹತ್ತಿದೆವು. ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ, ತಮಗೆ ಪ್ರೀತಿಯದು ಒಂದನ್ನು ಬಿಟ್ಟು ಬರಬೇಕು, ಮತ್ತೆ ಜನ್ಮದಲ್ಲಿ ಅದನ್ನು ಮುಟ್ಟಬಾರದು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಎಲ್ಲರಿಗೂ ಗೊತ್ತಿರುವ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಏನೆಂದರೆ, ಬಿಡುವಾಗ ಜಾಣತನದಿಂದ ಬಿಡಬೇಕು. ಅಪ್ಪ ಹಾಗಲಕಾಯಿ ಬಿಟ್ಟರು. ಹುಟ್ಟಿದಾಗಿನಿಂದ ಹಾಗಲಕಾಯಿಯನ್ನು ತಾಟಿನ ಅಂಚಿಗೆ ಸರಿಸಿದ ಮನುಷ್ಯ ಅವರು. ಅಜ್ಜಿ ಪೇರಲಹಣ್ಣು ಬಿಟ್ಟಳು, ಅದನ್ನು ಕಚ್ಚಲು ಅವಳ ಬಾಯಲ್ಲಿ ಹಲ್ಲೇ ಉಳಿದಿರಲಿಲ್ಲ. ಇಬ್ಬರೂ ಒದ್ದೆ ಮೈಯಲ್ಲಿ ಗಂಭೀರವಾಗಿ ಕೈಮುಗಿದು ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅವ್ವನಿಗೆ ಈ ಜಾಣತನ ಯಾರೂ ಹೇಳಿಕೊಟ್ಟಿರಲಿಲ್ಲ. ನೀರಿಗಿಳಿದಾಗ ಅವಳು ಉಟ್ಟಿದ್ದದ್ದು ರಾಣಿ ಬಣ್ಣದ ಹತ್ತಿ ಸೀರೆ. ಮೂರು ಮುಳುಗು ಹಾಕಿ ಎದ್ದಳು, ಮೇಲೆ ಬಂದಳು, ಬೂದಿ ಬಣ್ಣದ್ದು ಉಟ್ಟಳು, ಆ ಒದ್ದೆ ಸೀರೆಯನ್ನು ಹಿಂಡಿ ಘಾಟಿನಲ್ಲಿ ಕೂತಿದ್ದ ಒಬ್ಬ ಹೆಂಗಸಿಗೆ ಕೊಟ್ಟುಬಿಟ್ಟಳು. ಏನು ಬಿಟ್ಟೆ ಅಂತ ಅಪ್ಪ ಕೇಳಿದರೆ ನಕ್ಕಳು ಅಷ್ಟೇ.

ಪುಣೆಗೆ ಬಂದ ಮೇಲೆ ಮನೆಯ ಹವೆ ಬದಲಾಯಿತು. ಬಿಟ್ಟದ್ದು ಒಂದೇ ಬಣ್ಣ ಇರಬಹುದು, ಅದರ ಬೆನ್ನ ಹಿಂದೆ ಉಳಿದವೂ ಹೋದವು. ಹಸಿರು, ಹಳದಿ, ನವಿಲಿನ ನೀಲಿ ಎಲ್ಲ ಟ್ರಂಕು ಸೇರಿದವು. ಅವ್ವ ಬೂದಿ, ಮಣ್ಣು, ಮತ್ತೆ ಬೂದಿ, ಹೀಗೆ ಉಡತೊಡಗಿದಳು. ಅವಳು ಕೆಟ್ಟವಳಾಗಲಿಲ್ಲ, ರೊಟ್ಟಿ ಬಡಿದಳು, ನನ್ನ ಜಡೆ ಹಾಕಿದಳು, ಗಿರಾಕಿಗಳ ಜಂಪರು ಹೇಳಿದ ದಿನಕ್ಕೆ ಕೊಟ್ಟಳು. ಆದರೆ ಹಾಡು ನಿಂತಿತು. ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ಕೇಳದೆ ಒಂದು ಮಾತು ಬರುತ್ತಿರಲಿಲ್ಲ. ನನಗೆ ಆಗ ರೇಗುತ್ತಿತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಒಂದು ದಿನ ಯಾರೋ ರಾಣಿ ಬಣ್ಣದ ರೇಷ್ಮೆ ತುಂಡು ತಂದು ಜಂಪರು ಹೊಲಿಯಲು ಕೊಟ್ಟು ಹೋದರು. ಅವ್ವ ಅದನ್ನು ಬೆಳಕಿಗೆ ಹಿಡಿದು, ನೇರ ಮಡಿಸಿ, ಕತ್ತರಿ ಹಾಕಿದಳು. ನಾನು ಕೇಳಿಬಿಟ್ಟೆ.

“ಅವ್ವಾ, ನೀ ಯಾಕ ಇದನ್ನ ಉಡೂದಿಲ್ಲ ಈಗ?”

ಅವ್ವ ಕತ್ತರಿ ಆಡಿಸುತ್ತಲೇ ಇದ್ದಳು. ಮೆಂತೆ ಸೊಪ್ಪು ಸೋಸುತ್ತಿದ್ದ ಅಜ್ಜಿ ತಲೆ ಎತ್ತದೆ, ಭಾಳ ಹೆಮ್ಮೆಯಿಂದ ಹೇಳಿದಳು.

“ಕಾಶಿಯೊಳಗ ಬಿಟ್ಟಾಳವಾ. ನಿನ್ನ ಸಲವಾಗಿ. ನಿನಗ ಮತ್ತ ಜಡ್ಡ ಬರಬಾರದಂತ. ಎಂಥಾ ತಾಯಿ ಸಿಕ್ಕಾಳ ನೋಡು ನಿನಗ.”

ಅಜ್ಜಿ ಹೇಳಿದ್ದು ಹೊಗಳಿಕೆ. ನನಗೆ ಕೇಳಿಸಿದ್ದು ಬೇರೆ. ನನ್ನಿಂದ ಅಂತ ಕೇಳಿಸಿತು. ಅವತ್ತಿನಿಂದ ಬೆಳಿಗ್ಗೆ ಎದ್ದು ಅವ್ವನ ಬೂದಿ ಸೀರೆ ನೋಡಿದರೆ ಸಾಕು, ನಾನು ಬೇಗ ಬೇಗ ಹಾಸಿಗೆ ಮಡಿಸಿಡುತ್ತಿದ್ದೆ. ನಾನು ಶಾಣ್ಯಾ ಹುಡುಗಿ ಆಗಿಬಿಟ್ಟೆ, ಅದೂ ಅಂಜಿ. ಮಾರ್ಕು ಬಂದವು, ಪೇಪರು ಬಚ್ಚಿಡುವ ಪ್ರಸಂಗವೇ ಇಲ್ಲ. ಓಡಿ ಹೋಗಿ ಬಟನ್ ತರುತ್ತಿದ್ದೆ, ದಾರದ ಉಂಡೆ ತರುತ್ತಿದ್ದೆ, ತಲೆನೋವು ಬಂದರೂ ಯಾರಿಗೂ ಹೇಳುತ್ತಿರಲಿಲ್ಲ. ಒಂದು ಬಣ್ಣದಷ್ಟು ಬೆಲೆ ನನಗೆ ಇದೆ ಅಂತ ತೋರಿಸಬೇಕಿತ್ತು. ಇವತ್ತಿಗೂ ಯಾರಾದರೂ ನನಗೆ ಏನಾದರೂ ಕೊಟ್ಟರೆ, ಇದಕ್ಕಾಗಿ ನೀವು ಏನು ಬಿಟ್ಟಿರಿ ಅಂತ ಮೊದಲು ಕೇಳುತ್ತೇನೆ. ನನ್ನ ಗಂಡನಿಗೆ ಇದರಿಂದ ತಲೆ ಚಿಟ್ಟು ಹಿಡಿದಿದೆ.

ಇಷ್ಟರಲ್ಲಿ, ನನಗೆ ಹತ್ತು ತುಂಬಿದ ವರ್ಷ, ಒಂಬತ್ತು ಬಣ್ಣದ ಹುಚ್ಚು ಪುಣೆಗೆ ಬಂತು. ಈಗ ಎಲ್ಲ ಕಡೆ ಅದೇ ಇದೆ, ನವರಾತ್ರಿ ಬಂದರೆ ಆಫೀಸು, ಬ್ಯಾಂಕು, ಬಸ್ಸು ಎಲ್ಲ ಕಡೆ ಹೆಂಗಸರು ಒಂದೊಂದು ದಿನ ಒಂದೊಂದು ಬಣ್ಣ. ಆಗ ಅದು ಹೊಚ್ಚ ಹೊಸದು. ಯಾವ ದಿನ ಯಾವ ಬಣ್ಣ ಅಂತ ಪೇಪರಿನಲ್ಲಿ ಬರುತ್ತಿತ್ತು. ನಮ್ಮ ಕೆಳಗಿನ ಮನೆಯ ಶಿಂದೆ ಕಾಕು ಆ ಪಟ್ಟಿಯನ್ನು ಕತ್ತರಿಸಿ ಜಿನ್ನೆಯ, ಅಂದರೆ ಮೆಟ್ಟಿಲಿನ, ಗೋಡೆಗೆ ಅಂಟಿಸಿದರು. ಶಿಂದೆ ಕಾಕು ಅಂದರೆ ನಮ್ಮ ಬಿಲ್ಡಿಂಗಿನ ಸರಕಾರ. ನೀರು ಬರಲಿ ಬಿಡಲಿ, ಗಣಪತಿ ಕೂರಲಿ ಏಳಲಿ, ಅವರ ಮಾತೇ ನಡೆಯುವುದು. ದಿನಾ ಬೆಳಿಗ್ಗೆ ಹತ್ತಕ್ಕೆ ಎಲ್ಲ ಹೆಂಗಸರೂ ಆ ದಿನದ ಬಣ್ಣದಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಸೇರಬೇಕು, ಫೋಟೋ ತೆಗೆಸಿಕೊಳ್ಳಬೇಕು ಅಂತ ಫರ್ಮಾನು ಹೊರಟಿತು. ಫೋಟೋ ತೆಗೆಯುವ ಕೆಲಸ ಅಪ್ಪನಿಗೆ, ಯಾಕೆಂದರೆ ಅಂಗಡಿಯ ಮಾಲೀಕರ ಕ್ಯಾಮೆರಾ ಅವರಿಗೆ ಸಿಗುತ್ತಿತ್ತು. ಅಜ್ಜಿಗೆ ಇದೆಲ್ಲ ಸರಿ ಕಾಣಲಿಲ್ಲ.

“ದೇವಿ ಯಾವ ಸೀರಿ ಉಡಬೇಕಂತ ಈಗ ಪೇಪರಿನಾಂವ ಆರಿಸ್ತಾನೇನು? ಛೊಲೋ ಬಂತು ಕಾಲ.”

ಅಜ್ಜಿ ಏನೇ ಅನ್ನಲಿ, ನಮ್ಮ ಮನೆಗೆ ಜಂಪರಿನ ಹೊಳೆಯೇ ಹರಿದು ಬಂತು. ಒಬ್ಬೊಬ್ಬರದು ನಾಲ್ಕು, ಐದು. ಮಂಚದ ಮೇಲೆ ಕೇಸರಿ ಗುಡ್ಡೆ, ಕಿಟಕಿಯ ಕಟ್ಟೆಯ ಮೇಲೆ ಹಸಿರು, ಅಜ್ಜಿಯ ಚಾಪೆಯ ಅರ್ಧ ನೀಲಿ. ನಡೆಯಲು ಜಾಗವಿಲ್ಲ. ನನಗೆ ಖುಷಿಯಿಂದ ನಿದ್ದೆ ಬರುತ್ತಿರಲಿಲ್ಲ. ಹುಕ್ಕು ಹಚ್ಚುವ ಕೆಲಸ ನನ್ನದು, ಬೆರಳು ತೂತು ಬಿದ್ದರೂ ಹಚ್ಚಿದೆ. ಮತ್ತೆ ನವರಾತ್ರಿ ಶುರುವಾಗುವ ಹಿಂದಿನ ಸಂಜೆ ಶಿಂದೆ ಕಾಕು ಸ್ವತಃ ಮೇಲೆ ಹತ್ತಿ ಬಂದು, ಮಷೀನಿನ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಮರಾಠಿಯಲ್ಲಿ ಹೇಳಿದರು.

“ಸುಮಾ, ಆಮಚೇ ಸಗಳ್ಯಾಂಚೇ ಶಿವಲೇಸ್, ತುಝ ಕಾಯ? ಉದ್ಯಾ ಖಾಲೀ ಯಾಯಚ, ಸಮಜಲ?”

ನಮ್ಮೆಲ್ಲರದೂ ಹೊಲಿದೆ, ನಿನ್ನದೇನು, ನಾಳೆ ಕೆಳಗೆ ಬರಲೇಬೇಕು ಅಂತ. ಅವ್ವನಿಗೆ ಇಲ್ಲ ಅನ್ನಲಾಗಲಿಲ್ಲ. ಸರಕಾರಕ್ಕೆ ಯಾರು ಇಲ್ಲ ಅಂತಾರೆ? ಟ್ರಂಕು ತೆರೆಯಿತು. ಮೊದಲ ದಿನ ಕೇಸರಿ ಉಟ್ಟು ಕೆಳಗೆ ಹೋದಳು, ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ನಿಂತಳು. ಎರಡನೇ ದಿನ ಬಿಳಿ. ಮೂರನೇ ದಿನ ಕೆಂಪು ಉಟ್ಟವಳು ಮೇಲೆ ಬಂದ ಮೇಲೂ ಸೀರೆ ಬದಲಿಸದೆ ಮಷೀನಿಗೆ ಕೂತಳು. ನಾಲ್ಕನೇ ದಿನ ನೀಲಿ, ಅವತ್ತು ಹೂರಣದ ಹೋಳಿಗೆ ಆಯಿತು, ಯಾರೂ ಕೇಳಿರಲಿಲ್ಲ. ಐದನೇ ದಿನ ಹಳದಿ ಉಟ್ಟು ಕನ್ನಡಿಯ ಮುಂದೆ ಒಂದು ನಿಮಿಷ ಹೆಚ್ಚಿಗೆ ನಿಂತಳು, ನಾನು ಬಾಗಿಲ ಸಂದಿಯಿಂದ ನೋಡಿದೆ. ಆರನೇ ದಿನ ಹಸಿರು ಉಟ್ಟಾಗ ಮಷೀನಿನ ಸದ್ದಿನ ನಡುವೆ ಲಾಲಾ ಲಾಲಾ ಅಂತ ಕೇಳಿಸಿತು. ನಾನು ಹುಕ್ಕು ಹಚ್ಚುವುದು ಬಿಟ್ಟು ಅಜ್ಜಿಯ ಮುಖ ನೋಡಿದೆ, ಅಜ್ಜಿ ಬಾಯಿಗೆ ಬೆರಳಿಟ್ಟು ಸುಮ್ಮನಿರು ಅಂತ ಸನ್ನೆ ಮಾಡಿದಳು. ಮಾತಾಡಿದರೆ ಎಲ್ಲಿ ನಿಂತುಬಿಡುತ್ತದೋ ಅಂತ ಇಬ್ಬರಿಗೂ ಅಂಜಿಕೆ. ಏಳನೇ ದಿನ ಪಟ್ಟಿಯಲ್ಲಿ ಬೂದಿ ಇತ್ತು. ಅವತ್ತೂ ಅವ್ವ ನಗುತ್ತಲೇ ನಿಂತಳು, ಬೂದಿ ಸೀರೆಗೆ ಕೆಂಪು ಜಂಪರು ತೊಟ್ಟು. ಒಬ್ಬ ಹೆಂಗಸು ಏಳು ದಿನದಲ್ಲಿ ಕಣ್ಣ ಮುಂದೆ ವಾಪಸು ಬರುವುದನ್ನು ನಾನು ನೋಡಿದ್ದೇನೆ. ಅದಕ್ಕೇ ಆ ಪರದೆಯ ಚಿತ್ರದವಳ ಮಾತು ನನಗೆ ಸುಳ್ಳೆನಿಸಲಿಲ್ಲ.

ಎಂಟನೇ ದಿನ ರಾಣಿ. ಪಟ್ಟಿಯಲ್ಲಿ ಗುಲಾಬಿ ಅಂತಿತ್ತು, ಶಿಂದೆ ಕಾಕು ಅದನ್ನು ಪೆನ್ನಿನಿಂದ ಹೊಡೆದು ರಾಣಿ ಅಂತ ಬರೆದಿದ್ದರು, ಬರೀ ಗುಲಾಬಿ ಅವರಿಗೆ ಸಪ್ಪೆ. ನನಗೆ ಒಂದೇ ತವಕ, ಅವ್ವ ಉಡುತ್ತಾಳೋ ಇಲ್ಲವೋ. ಟ್ರಂಕಿನ ತಳದಲ್ಲಿ ಅವಳ ತವರಿನ ಇಳಕಲ್ ಸೀರೆ ಒಂದಿತ್ತು, ರಾಣಿ ಬಣ್ಣದ ಮೈ, ಕೆಂಪು ಸೆರಗು. ಕೊಟ್ಟುಬಿಡಲು ಮನಸ್ಸಾಗದೆ ಉಳಿಸಿಕೊಂಡದ್ದು ಅದೊಂದೇ. ಏಳನೇ ದಿನ ಸಂಜೆ ನಾನು ಅದನ್ನು ತೆಗೆದು ಮಂಚದ ಮೇಲೆ ಇಟ್ಟೆ. ಅವ್ವ ಅದನ್ನು ವಾಪಸು ಟ್ರಂಕಿಗೆ ಇಟ್ಟಳು. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಮತ್ತೆ ತೆಗೆದಿಟ್ಟೆ. ಒಂಬತ್ತೂವರೆ ಆಯಿತು. ಕೆಳಗೆ ಮೆಟ್ಟಿಲ ಹತ್ತಿರ ಗದ್ದಲ ಶುರುವಾಗಿತ್ತು, ಬಾಲ್ಕನಿಯಿಂದ ಬಗ್ಗಿ ನೋಡಿದರೆ ರಾಣಿ, ರಾಣಿ, ರಾಣಿ. ನಾನು ಕುಣಿಯುತ್ತಾ ಒಳಗೆ ಬಂದೆ. ಅವ್ವ ಒಳಗಿನ ಖೋಲಿಯಿಂದ ಮಣ್ಣಿನ ಬಣ್ಣದ ಸೀರೆ ಉಟ್ಟು ಹೊರಗೆ ಬಂದಳು. ಇಳಕಲ್ ಸೀರೆ ಮಂಚದ ಮೇಲೆ ಹಾಗೇ ಇತ್ತು.

“ನೀ ಹೋಗಿ ನೋಡ್ಕೊಂಡು ಬಾ,” ಅಂದಳು. “ನನಗ ಕೆಲಸ ಅದ.”

ಎರಡು ವರ್ಷದ್ದೆಲ್ಲ ಒಂದೇ ಸಲ ನನ್ನ ಬಾಯಿಗೆ ಬಂತು.

“ನಾ ಆವಾಗ ಸತ್ತ ಹೋಗಿದ್ರ ಛೊಲೋ ಇತ್ತು. ನೀ ರಾಣಿ ಉಟಗೊಂಡು ಆರಾಮ ಇರ್ತಿದ್ದಿ.”

ಕೆನ್ನೆಯ ಮೇಲೆ ಏಟು ಬಿತ್ತು. ಅವ್ವ ನನ್ನನ್ನು ಹೊಡೆದದ್ದು ಅದೇ ಮೊದಲು, ಅದೇ ಕೊನೆ. ಹೊಡೆದ ಕೈಯನ್ನೇ ನೋಡುತ್ತಾ ಅವಳು ನೆಲಕ್ಕೆ ಕೂತುಬಿಟ್ಟಳು. ನಾನು ಅಳಲಿಲ್ಲ, ಸಿಟ್ಟು ಅಷ್ಟಿತ್ತು. ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಪ್ಪ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಹಾಗೇ ನಿಂತರು. ಅವ್ವ ಸಣ್ಣ ದನಿಯಲ್ಲಿ ಹೇಳಿದಳು.

“ನಾ ಉಟಗೊಂಡು, ನಿನಗ ಮತ್ತ ಜ್ವರ ಬಂದ್ರ? ಯಾರನ್ನ ಕೇಳಲಿ ನಾನು ಆವಾಗ?”

ಅವಳಿಗೆ ಇರುವುದು ಅದೊಂದೇ ಹೆದರಿಕೆ ಅಂತ ನನಗೆ ಆಗಲೇ ಗೊತ್ತಾದದ್ದು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಅಜ್ಜಿ ಅಷ್ಟರವರೆಗೆ ಚವಳಿಕಾಯಿ ಮುರಿಯುತ್ತಾ ಚಾಪೆಯ ಮೇಲಿದ್ದವಳು ಬುಟ್ಟಿ ಪಕ್ಕಕ್ಕೆ ಸರಿಸಿದಳು.

“ಸುಮಾ, ಇಲ್ಲಿ ನೋಡು. ಕಾಶಿಯೊಳಗ ನಾ ಏನ ಬಿಟ್ಟೆ?”

“ಪೇರಲಹಣ್ಣ, ಅತ್ತಿ.”

“ನನ್ನ ಬಾಯಾಗ ಹಲ್ಲ ಎಷ್ಟ ಅದಾವ? ನಿನ್ನ ಗಂಡ ಏನ ಬಿಟ್ಟ? ಹಾಗಲಕಾಯಿ. ಅಂವಾ ಯಾವತ್ತ ತಿಂದಾನ ಅದನ್ನ? ನಾವಿಬ್ಬರೂ ಕೂಡಿ ದೇವರಿಗೆ ಟೊಪಗಿ ಹಾಕಿ ಬಂದೀವಿ. ನಾವು ಹಾಕಿದ ಟೊಪಗಿ ನಿನ್ನ ತಲಿಮ್ಯಾಲೆ ಬಂದು ಕೂತದ. ಈ ಹುಡುಗಿ ಜಡ್ಡಿನಿಂದ ಎದ್ದಾಳ ಖರೆ, ಆದ್ರ ನಿನ್ನ ಹರಕಿ ಹೊತಗೊಂಡು ತಿರಗಲಿಕ್ಕತ್ತಾಳ. ಎರಡು ವರ್ಷದಿಂದ ನೋಡ್ಲಿಕ್ಕತ್ತೀನಿ ನಾನು. ನೆಗಡಿ ಬಂದ್ರ ಬಾಯಿ ಮುಚಗೊಂಡು ಸೀನತಾಳ, ನಿನಗ ಕೇಳಬಾರದಂತ.”

ಇದು ಅಜ್ಜಿಗೆ ಗೊತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು, ಭಾಳ ಹೊತ್ತು ನೋಡಿದಳು. ಆಗ ನನಗೆ ಅಳು ಬಂತು.

“ಬಿಟ್ಟದ್ದು ಬಿಟ್ಟಂಗ ಆಗಿಬಿಟ್ಟದ ಅತ್ತಿ,” ಅಂದಳು ಅವ್ವ. “ದೇವರ ಮುಂದ ಅಂದ ಮಾತು. ಹಿಂದಕ ಹೆಂಗ ತೊಗೊಳ್ಳಲಿ?”

“ಹಿಂದಕ ತೊಗೋ ಅಂತ ಯಾರು ಅಂದ್ರು? ಅದಲಾಬದಲಿ ಮಾಡೋಣು. ಪೇರಲ ನಿನಗ ಭಾಳ ಸೇರ್ತದ, ಉಪ್ಪು ಖಾರ ಹಚಗೊಂಡು ತಿಂತಿ. ಅದನ್ನ ನೀ ಬಿಡು. ರಾಣಿ ನಾ ಬಿಡತೀನಿ. ಹುಡುಗೀ ಹೆಸರಿಲೆ ಬಿಟ್ಟದ್ದು ಬಿಟ್ಟಂಗ ಇರ್ತದ, ಈ ಮನ್ಯಾಗ. ಹಾವೂ ಸಾಯೂದಿಲ್ಲ, ಕೋಲೂ ಮುರಿಯೂದಿಲ್ಲ.”

ಅಪ್ಪನಿಗೆ ನಗು ಬಂತು. ನಗಬಾರದಿತ್ತು, ಆದರೆ ಅವರ ಸ್ವಭಾವವೇ ಅದು.

“ಆಯೀ, ಮತ್ತ ಟೊಪಗಿ ಹಾಕಲಿಕ್ಕತ್ತೀಯಲ್ಲ ದೇವರಿಗೆ. ನಾ ಹುಟ್ಟಿದಾಗಿನಿಂದ ನೋಡೇನಿ, ನೀ ಯಾವತ್ತ ರಾಣಿ ಉಟ್ಟೀದಿ, ಈಗ ಬಿಡಲಿಕ್ಕೆ?”

ಅಜ್ಜಿ ನಗಲಿಲ್ಲ. ಮಂಚದ ಮೇಲಿನ ಸೀರೆಯ ಕಡೆ ನೋಡಿದಳು.

“ಉಟ್ಟಿಲ್ಲ, ಖರೆ. ನಿಮ್ಮಪ್ಪ ಹೋದ ಮ್ಯಾಲೆ ನನ್ನ ಬಣ್ಣ ಮಂದಿ ಬಿಡಿಸಿದ್ರು. ನೀ ಆವಾಗ ತೊಟ್ಟಿಲದಾಗ ಇದ್ದಿ. ಉಟ್ಟಿಲ್ಲ ಅಂದ್ರ ನನಗ ಬ್ಯಾಡಾಗಿತ್ತು ಅಂತ ಮಾಡೀಯೇನು? ಈಕಿ ಮಷೀನಕ್ಕ ರಾಣಿ ಬಟ್ಟಿ ಹಾಕಿದಾಗೆಲ್ಲಾ ನಾ ಕಾಯಿಪಲ್ಲೆ ಬಿಟ್ಟು ಅದನ್ನ ನೋಡ್ಕೋತ ಕೂತಿರ್ತೀನಿ. ಯಾರರೆ ಒಬ್ಬರು, ಒಮ್ಮೆ ಉಟಗೋ ಆಯೀ, ಏನಾಗ್ತದ ಅಂತ ಅಂದಾರು ಅಂತಿತ್ತು ಇಷ್ಟ ದಿವಸ. ಆ ಆಸೆ ಬಿಟ್ಟೆ ನೋಡು ಈಗ. ಆತಿಲ್ಲೋ ಖರೇ ಹರಕಿ?”

ಅಪ್ಪ ಕ್ಯಾಮೆರಾವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಬಣ್ಣ ಅಂದರೆ ನಗುತ್ತಿದ್ದ ಮನುಷ್ಯ ಅವತ್ತಿನಿಂದ ಮುಂದೆ ಅದಕ್ಕೆ ನಗಲಿಲ್ಲ. ಅವ್ವ ಎದ್ದು ಬಂದು ಅಜ್ಜಿಯ ಕೈ ಹಿಡಿದಳು.

“ಅತ್ತಿ, ನೀವ ಉಟಗೋರಿ ಇವತ್ತ. ನಾ ಉಡಿಸ್ತೀನಿ.”

“ಹುಚ್ಚಿ,” ಅಂದಳು ಅಜ್ಜಿ. “ಬಿಟ್ಟ ಮಾತು ಈಗ ಮುಟ್ಟೇ ಬಿಟ್ಟಿರ್ತದ ಅಲ್ಲಿಗೆ. ಹೊತ್ತಾತು, ಏಳು. ಕಾಕು ಮ್ಯಾಲೆ ಬಂದ್ರ ನಮ್ಮನ್ನ ಯಾರನ್ನೂ ಉಳಸೂದಿಲ್ಲ.”

ಮುಂದಿನ ಹತ್ತು ನಿಮಿಷ ಏನು ಗಡಿಬಿಡಿ ಅಂತೀರಿ. ಆ ಸೀರೆಯ ಜೋಡಿ ಜಂಪರು ಅವ್ವನಿಗೆ ಬಿಗಿಯಾಗಿತ್ತು. ಒಳ್ಳೆಯ ಹೊಲಿಗೆಯವರು ಯಾವಾಗಲೂ ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಾರೆ, ಮೈ ತುಂಬಿದರೆ ಬಿಚ್ಚಿಕೊಳ್ಳಲು. ಅವ್ವ ಬ್ಲೇಡು ಹಾಕಿ ಎರಡೂ ಪಕ್ಕ ಸರ್ರನೆ ಬಿಚ್ಚಿದಳು, ನಾನು ದಾರದ ಚೂರು ಕಿತ್ತೆ, ಅವಳು ಮಷೀನಿನಲ್ಲಿ ಒಂದೇ ಉಸಿರಿಗೆ ಎರಡು ಗೆರೆ ಓಡಿಸಿದಳು. ಅಪ್ಪ ಬಾಲ್ಕನಿಯಿಂದ ಬಗ್ಗಿ, ಆಲೋ ಆಲೋ, ಬಂದೆವು ಬಂದೆವು ಅಂತ ಮರಾಠಿ ಕನ್ನಡ ಎರಡರಲ್ಲೂ ಕೂಗುತ್ತಿದ್ದರು. ಅಜ್ಜಿ ಕೂತಲ್ಲಿಂದಲೇ ಹುಕುಂ ಕೊಡುತ್ತಿದ್ದಳು, ನಿರಿಗೆ ಇನ್ನೊಂದು ಹಿಡಿ, ಕುಂಕುಮ ದೊಡ್ಡದು ಹಚ್ಚು. ಒಳಗಿನ ಖೋಲಿಯ ಪರದೆ ಸರಿಸಿ ಅವ್ವ ಹೊರಗೆ ಬಂದಳು. ಹೇಗಿದ್ದಳು ಅಂತ ನನಗೆ ಬರೆಯಲು ಬರುವುದಿಲ್ಲ. ನನಗೆ ಕುಣಿಯಬೇಕೆನಿಸಿತು, ಕುಣಿದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು, ಕತ್ತು ಮುಟ್ಟಿ ನೋಡಿದಳು. ತಣ್ಣಗಿತ್ತು. ಆಮೇಲೆ ನಕ್ಕಳು.

ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಲು ಅವ್ವ ಬಗ್ಗಿದಾಗ ಸೆರಗು ಜಾರಿ ಅಜ್ಜಿಯ ಮಡಿಲಿಗೆ ಬಿತ್ತು. ಅಜ್ಜಿ ಅದನ್ನು ಎತ್ತಿ ಕೊಡಲು ಹಿಡಿದವಳು, ಕೆಂಪು ಸೆರಗು ದಾಟಿ ರಾಣಿ ಮೈ ಸಿಗುವವರೆಗೂ ಬೆರಳಾಡಿಸುತ್ತಾ ಹೋದಳು, ಬಟ್ಟೆಯ ಗುಣ ನೋಡುವವಳ ಹಾಗೆ. ಕೆಳಗಿನಿಂದ ಶಿಂದೆ ಕಾಕು ಕೂಗಿದರು. ಅವ್ವ ಎದ್ದಳು, ಆದರೆ ಸೆರಗು ಎಳೆದುಕೊಳ್ಳಲಿಲ್ಲ.

“ಏಳ್ರಿ ಅತ್ತಿ, ನೀವೂ ಬರ್ರಿ,” ಅಂದಳು.

ನವರಾತ್ರಿಯ ಏಳು ದಿನ ಒಂದು ಸಲವೂ ಕೆಳಗಿಳಿಯದ ಅಜ್ಜಿ ಅವತ್ತು ಇಳಿದಳು. ಕೆಳಗಿನವರೆಲ್ಲ ಅವ್ವನನ್ನು ನೋಡಿ ಬಾಯಿ ತುಂಬ ಮಾತಾಡಿದರು, ಶಿಂದೆ ಕಾಕು ದೃಷ್ಟಿ ತೆಗೆದು ಬೆರಳು ಲಟಲಟ ಮುರಿದರು, ಆಮೇಲೆ ಅಜ್ಜಿಗೆ ನಡುವಿನ ಮೆಟ್ಟಿಲು ಬಿಟ್ಟುಕೊಟ್ಟರು. ಸುತ್ತ ಇಪ್ಪತ್ತು ಮಂದಿ ರಾಣಿ, ನಡುವೆ ಅಕ್ಕಿ ನೀರಿನ ಬಣ್ಣದ ಅಜ್ಜಿ. ಅಪ್ಪ ಕ್ಯಾಮೆರಾ ಕಣ್ಣಿಗೆ ಹಚ್ಚಿದರು, ಮತ್ತೆ ಇಳಿಸಿದರು. ಅಜ್ಜಿಯ ಮುಷ್ಟಿಯಲ್ಲಿ ಅವ್ವನ ಸೀರೆ ಇನ್ನೂ ಹಾಗೇ ಇತ್ತು.

“ಆಯೀ,” ಅಂದರು ಅಪ್ಪ, ಈ ಸಲ ನಗದೆ, ಮೆತ್ತಗೆ. “ಬಿಟ್ಟ ಬಣ್ಣ ಅದು.”

“ಉಟಗೊಂಡಿಲ್ಲಪಾ, ಹಿಡಕೊಂಡೀನಿ ಅಷ್ಟ. ನೀ ಫೋಟೋ ತಗಿ.”

ಅಪ್ಪ ಫೋಟೋ ತೆಗೆದರು. ಎಲ್ಲರೂ ತಮ್ಮ ತಮ್ಮ ಮನೆಗೆ ಹೋದ ಮೇಲೂ ಅಜ್ಜಿ ಕೈ ಸಡಿಲಿಸಲಿಲ್ಲ. ಅವ್ವ ಹಾಗೇ ಎರಡು ಮಾಳಿಗೆ ಹತ್ತಿದಳು, ಒಂದೊಂದೇ ಮೆಟ್ಟಿಲು, ಅಜ್ಜಿ ಹತ್ತುವಷ್ಟು ನಿಧಾನವಾಗಿ.